ಕಣ್ಣ ಮುಂದಿನ ಚಾವಿ

ನನ್ನ ಮನೆಯಲ್ಲಿ ಏನಾದರೂ ಕಳೆಯುತ್ತಲೇ ಇರುತ್ತದೆ. ಮೊದಲು ಹೆಂಡತಿ ಹುಡುಕಿ ಕೊಡುತ್ತಿದ್ದಳು. ಆಕೆ ತೀರಿಹೋಗಿ ವರ್ಷ ಆಯಿತು. ಈಗ ನಾನೇ ಹುಡುಕಬೇಕು. ಅದಕ್ಕೇ ಇಂಥವು ನಡೆಯುತ್ತವೆ.

೧. ಯಾರದೋ ಕಪಾಟು

ನಾನು ಗೋಡೆ ನೋಡುತ್ತ ಕೂತಿರುತ್ತೇನೆ ಅಂತ ಭಾಲ್ಕಿಯಿಂದ ಮಗಳು ತನ್ನ ಹಳೇ ಕಂಪ್ಯೂಟರ್ ತಂದಿಟ್ಟಳು. ಅದರಲ್ಲೊಂದು ಆಟ. ದೊಡ್ಡ ಬಂಗಲೆ, ಒಳಗೆಲ್ಲ ಸಾಮಾನು ಚೆಲ್ಲಾಪಿಲ್ಲಿ. ಕೆಳಗೆ ಕತ್ತರಿ, ಬಾಚಣಿಗೆ, ಹೀಗೆ ಚಿತ್ರ ತೋರಿಸುತ್ತಾರೆ. ಅವನ್ನು ಹುಡುಕಿ ಒತ್ತಬೇಕು. ಎಲ್ಲ ಸಿಕ್ಕರೆ ಮುಂದಿನ ಕೋಣೆ.

ಒಂದು ಕೋಣೆಯಲ್ಲಿ ಹೆಣ್ಣುಮಗಳ ಕಪಾಟು, ಸಂದಿಯಲ್ಲಿ ಸೀರೆಗಳು. ನಾನು ಕೈ ಹಿಂದೆ ತಗೊಂಡೆ.

"ಅಪ್ಪಾ, ಅದು ಯಾರ ಮನಿನೂ ಅಲ್ಲ," ಅಂದಳು ಮಗಳು.

"ಹಂಗಂದ್ರ ಇಷ್ಟು ಸೀರಿ ಯಾರವು?"

ಕೊನೆಗೆ ಕಪಾಟು ಆಕೆಯೇ ತೆಗೆದಳು.

೨. ಝಾಡು

ಬಾಜೂ ಮನೆಯ ಚಾಚಾ ದಿನಾ ಆಟ ನೋಡಲು ಬರತೊಡಗಿದ. ಆ ಮನೆಯವರು ಕಸ ಹೊಡೆಯೋದಿಲ್ಲವೇನು ಅಂತ ಅವನಿಗೆ ಸಿಟ್ಟು. ನಾನು ಮೂಲೆಯಲ್ಲಿದ್ದ ಕಸಬರಿಗೆ ಒತ್ತಿದೆ. ಅದು ಹಾರಿ ಮಾಯ ಆಯಿತು.

"ಒಂದೇ ಝಾಡು ಇತ್ತು," ಅಂದ ಚಾಚಾ. "ಅದನ್ನೂ ತಗೊಂಡ್ರಿ."

ಸಾಮಾನು ಸಿಗದಿದ್ದರೆ ಒತ್ತಲು ಆಟದಲ್ಲೊಂದು ದೀಪ ಇದೆ. ಒತ್ತಿದರೆ ಸಾಮಾನು ಮಿಂಚುತ್ತದೆ. ನಮ್ಮ ಮನೆಯ ದೀಪ ಅಡುಗೆಮನೆಯಿಂದ ಕೂಗುತ್ತಿತ್ತು: "ಕಣ್ಣ ಮುಂದೇ ಅದ, ನೋಡಬಾರದೇನ್ರಿ?"

೩. ಗಾಂಧಿ ಗಂಜಿನ ಬೀಗ

ಗಂಜಿನ ಕಾಳುಪೇಟೆಯಲ್ಲಿ ನನ್ನದೊಂದು ಕೈಗಾಡಿ. ಹೋದ ವರ್ಷದ ಪಂಚಮಿಗೆ ಹೆಂಡತಿ ತನ್ನ ಟ್ರಂಕು ಒಪ್ಪ ಮಾಡಿದಳು. ಆಗಲೇ ನನ್ನ ಸೊಂಟಕ್ಕೆ ಹೊಸ ಉಡದಾರ ಕಟ್ಟಿ, ಗಾಡಿ ಬೀಗದ ಎರಡನೇ ಚಾವಿ ಅದಕ್ಕೆ ಪೋಣಿಸಿದಳು. ಇನ್ನ ಹ್ಯಾಂಗ ಕಳೀತೀರಿ ನೋಡ್ತೀನಿ ಅಂದಳು. ಆಮೇಲೆ ಹಾಸಿಗೆ ಹಿಡಿದಳು.

ಆಕೆ ಹೋದ ಮೇಲೆ ಒಂದು ದಿನ ಜೇಬಿನ ಚಾವಿ ಕಳೆಯಿತು. ಆಕೆ ಕಟ್ಟಿದ ದಾರ ಬಿಚ್ಚಲು ಮನಸ್ಸಾಗಲಿಲ್ಲ. ಸೊಂಟವನ್ನೇ ಗಾಲಿಯ ಬೀಗಕ್ಕೆ ಒತ್ತಿ ಚಾವಿ ತಿರುಗಿಸಿದೆ. ತಿರುಗಲಿಲ್ಲ.

"ಕಾಕಾ, ಗಾಡಿ ಅಪ್ಪಿಕೊಂಡು ಅಳ್ತೀರೇನ್ರಿ?" ಅಂದ ಒಬ್ಬ ಹಮಾಲ.

ಬೀಗ ಮಾರಿದವನಿಗೆ ಬೈದು, ಕಲ್ಲಿಂದ ಒಡೆದೆ.

೪. ಟ್ರಂಕು

ಹೆಂಡತಿಯ ವರ್ಷದ ಕಾರ್ಯ ಬಂತು. ಹಸಿರು ಸೀರೆ ತನ್ನ ತಂಗಿಗೆ ಕೊಡಿರಿ ಅಂತ ಆಕೆ ಹೇಳಿ ಹೋಗಿದ್ದಳು. ತಂಗಿ ಠಾಣಾ ಕುಶನೂರಿನಿಂದ ಬಸ್ಸು ಹತ್ತಿದ್ದಳು. ಸೀರೆ ಟ್ರಂಕಿನಲ್ಲಿ. ಚಾವಿ ಇಲ್ಲ.

ಬೀಗ ಒಡೆಯೋಣ ಅಂದಳು ಮಗಳು. ಬೇಡ ಅಂದೆ. ಒತ್ತಿದರೆ ಬೀಳುವ ಬೀಗ ಅದು. ಆಕೆ ತನ್ನ ಕೈಯಿಂದ ಒತ್ತಿದ್ದು.

ತೊಗರಿ ಡಬ್ಬಿ, ಹಿಟ್ಟಿನ ಡಬ್ಬಿ, ದೇವರ ಜಗಲಿ, ಚಾಚಾನೂ ಸೇರಿ ಎಲ್ಲ ಹುಡುಕಿದೆವು. ನಾನು ಟ್ರಂಕಿನ ಹಿಂದೆ ಬಗ್ಗಿದೆ. ಸೊಂಟದ ಚಾವಿ ತಗಡಿಗೆ ಬಡಿದು ಸಪ್ಪಳಾಯಿತು.

"ಅದನ್ನ ಹಚ್ಚಿ ನೋಡ್ರಿ," ಅಂದ ಚಾಚಾ.

"ಇದು ಗಾಡೀದು."

"ಗಾಡಿ ಬೀಗಕ್ಕ ಹತ್ತಿಲ್ಲಲ್ರಿ."

ಹೊಟ್ಟೆ ಟ್ರಂಕಿಗೆ ಒತ್ತಿ ಚಾವಿ ಹಚ್ಚಿದೆ. ಅದೇ ಹೊತ್ತಿಗೆ ತಂಗಿ ಬಾಗಿಲಿಗೆ ಬಂದಳು.

"ಭಾವಾ, ಟ್ರಂಕು ಬಿಡ್ರಿ. ನಾ ಒಂದು ಸೀರಿ ಅಷ್ಟೇ ಒಯ್ಯಾಕಿ."

ಬೀಗ ಟಕ್ ಅಂತ ತೆರೆಯಿತು. ಮುಚ್ಚಳ ಎತ್ತಿದೆವು. ಹಸಿರು ಸೀರೆಯ ಮೇಲೆ ನನ್ನ ಕೈಗಾಡಿಯ ಎರಡನೇ ಚಾವಿ ಮಲಗಿತ್ತು.

"ಅವ್ವ ಚಾವಿ ಅದಲ ಬದಲ ಮಾಡ್ಯಾಳ," ಅಂತ ಮಗಳು ನಕ್ಕಳು. ವರ್ಷದ ಮೇಲೆ ನಾನೂ ನಕ್ಕೆ. ಎದೆ ಹಗುರಾಯಿತು. ಚಾವಿಯ ಸಂಗಡ ಬೀಗ ಸೊಂಟಕ್ಕೆ ಜೋತಾಡುತ್ತಿರುವಾಗಲೇ ಅಡುಗೆಮನೆ ಕಡೆ ತಿರುಗಿ ಹೇಳಿದೆ:

"ಕಣ್ಣ ಮುಂದೇ ಇತ್ತು, ನೋಡಬಾರದೇನ?"