ಸರ್ಕಾರ ಕಂಡ ನೀರು

ಓರ್ವಿಲ್ ಟಿಪ್ಪೆಟ್‌ನ ತಾತ ಬೆಳ್ಳಿಗಾಗಿ ಅಗೆದೂ ಅಗೆದೂ ಒಂದು ಬೆಟ್ಟವನ್ನು ಎಷ್ಟು ಟೊಳ್ಳು ಮಾಡಿದ್ದನೆಂದರೆ, ಒಂದು ಮಾರ್ಚ್ ತಿಂಗಳ ಗಾಳಿಗೆ ಅದು ಮೇಲೆದ್ದು ತೂರಿಕೊಂಡು ಹೋಗಿ ಪಕ್ಕದ ಯೂಟಾ ರಾಜ್ಯದಲ್ಲಿ ಕೂತುಬಿಟ್ಟಿತು. ನೆವಾಡಾದವರು ನಕ್ಷೆ ಹಿಡಿದುಕೊಂಡು ಹೋಗಿ ವಾಪಸು ಕೇಳಿದರು. ಯೂಟಾದವರು ಕೊಡಲಿಲ್ಲ. ಬೆಟ್ಟ ಈಗಲೂ ಅಲ್ಲಿಯೇ ಇದೆ, ಬೇಕಾದವರು ಹೋಗಿ ನೋಡಬಹುದು.

ಇಂಥ ತಾತನ ಮೊಮ್ಮಗ ಸಾಧಾರಣ ಬಾವಿ ತೋಡಿಸುತ್ತಾನೆಯೇ? ಬೂಟ್‌ಹೀಲ್ ಕಣಿವೆಯ ಒಂದೇ ಒಂದು ಬಾರಿನಲ್ಲಿ ಕೂತು ಓರ್ವಿಲ್ ಸಾರುತ್ತಿದ್ದ: ತನ್ನ ಕೊಳವೆ ಬಾವಿಗೆ ಪಂಪು ಹಾಕಿರುವುದು ನೀರೆತ್ತುವುದಕ್ಕಲ್ಲ, ಉಕ್ಕುವ ನೀರನ್ನು ತಡೆದು ಹಿಡಿಯುವುದಕ್ಕೆ! ಹಗಲಿರುಳು ಮಳೆ ಸುರಿಯುವ ಆರೆಗಾನ್‌ನ ಹುಡುಗಿ ಆರ್ಡಿತ್ ಈ ಉಪ್ಪು ಬಯಲಿಗೆ ಮದುವೆಯಾಗಿ ಬಂದದ್ದೂ ಆ ಬಾವಿಯನ್ನು ನಂಬಿಕೊಂಡೇ. ಅವಳು ಬಂದ ವಾರವೇ ಪಂಪು ಕೆಟ್ಟಿತು. ಬಿಡಿ ಭಾಗ ಷಿಕಾಗೋದಿಂದ ಬರಬೇಕಿತ್ತು. ಐದು ವರ್ಷವಾದರೂ ಷಿಕಾಗೋದವರಿಗೆ ಪುರುಸೊತ್ತಾಗಿರಲಿಲ್ಲ.

ಆ ಗುರುವಾರದ ರಾಮಾಯಣಕ್ಕೆಲ್ಲ ಕಾರಣ ಒಂದು ಕಂದು ಲಕೋಟೆ. ಅಂಗಡಿಯನ್ನೂ ಅಂಚೆಯನ್ನೂ ನಡೆಸುತ್ತಿದ್ದ ಹೆಟ್ಟಿ ಅದನ್ನು ಓರ್ವಿಲ್‌ನ ಕೈಗೆ ಕೊಡುತ್ತಲೇ ಅಂದಳು, “ನೀರಿನ ಇಲಾಖೆಯಿಂದ ಬಂದಿದೆ ಕಣೋ. ಇವತ್ತು ಮೂರು ಗಂಟೆಗೆ ಅಧಿಕಾರಿ ಬರ್ತಾನಂತೆ.”

“ನೀವು ಒಡೆದು ಓದಿದ್ರಾ?”

“ಛೆ, ನಾನ್ಯಾಕೆ ಒಡೀಲಿ? ಬಿಸಿಲಿಗೆ ಹಿಡಿದೆ, ಅದೇ ಕಾಣಿಸ್ತು. ಹನ್ನೊಂದು ದಿನದಿಂದ ಇಲ್ಲೇ ಬಿದ್ದಿದೆ. ನೀನು ಬರಲೇ ಇಲ್ವಲ್ಲ!”

ಓರ್ವಿಲ್ ಬೆರಳು ಮಡಚಿ ಲೆಕ್ಕ ಹಾಕಿದ. ಐದು ವರ್ಷ ಒಂದೇ ಸಮನೆ ಬಾವಿಯ ನೀರು ಬಳಸದಿದ್ದರೆ ನೀರಿನ ಹಕ್ಕು ಹೋಯಿತೆಂದೇ ಲೆಕ್ಕ. ನೆವಾಡಾ ರಾಜ್ಯದ ಕಾನೂನೇ ಹಾಗೆ. ಐದು ವರ್ಷ ತುಂಬುವುದು ನಾಳೆಗೆ. ಹಕ್ಕಿಲ್ಲದ ನೆಲವನ್ನು ಚೇಳು ಕೂಡ ಪುಕ್ಕಟೆ ಕೊಟ್ಟರೂ ಕೊಳ್ಳುವುದಿಲ್ಲ. ಅದಾದರೂ ಹೋಗಲಿ, ಆರ್ಡಿತ್ ಒಂದು ಮಾತು ಹೇಳಿಟ್ಟಿದ್ದಳು: “ನೀರಿನ ಹಕ್ಕು ಇರೋವರೆಗೂ ಕಾಯ್ತೀನಿ ಓರ್ವಿಲ್. ಅದೂ ಹೋದ ದಿನ ನಾನು ಆರೆಗಾನ್ ಬಸ್ಸು ಹತ್ತೋದೇ.”

“ಹೋಗೋಕೆ ಬಿಟ್ರೆ ತಾನೆ!” ಎಂದು ಹಲ್ಲು ಕಚ್ಚಿಕೊಂಡು ಓರ್ವಿಲ್ ಮನೆಗೆ ಓಡಿದ.

ಅಧಿಕಾರಿಗೆ ಸದ್ದಾದರೂ ಕೇಳಿಸಲಿ ಎಂದು ಪಂಪಿನ ಇಂಜಿನ್ನಿಗೆ ಎಣ್ಣೆ ಬಿಟ್ಟು ಹ್ಯಾಂಡಲ್ ತಿರುಗಿಸಿದ. ಅದು ಮುದುಕನ ಹಾಗೆ ಕೆಮ್ಮಿತು. ಮತ್ತೆ ತಿರುಗಿಸಿದ. ನೀರು ಬರಬೇಕಾದ ಪೈಪಿನೊಳಗಿಂದ ಒಂದು ಗೂಬೆ ಹೊರಗೆ ಬಂದು, ಬಾಡಿಗೆ ಕೇಳಲು ಬಂದವನನ್ನು ನೋಡುವಂತೆ ಇವನನ್ನು ದುರುಗುಟ್ಟಿ ನೋಡಿ, ಬಂದ ದಾರಿಯಲ್ಲೇ ಒಳಗೆ ಹೋಯಿತು. ಮೂರನೆಯ ಸಲಕ್ಕೆ ಹ್ಯಾಂಡಲ್ಲೇ ಮುರಿದು ಕೈಗೆ ಬಂತು.

ಸೋಲುವವನಲ್ಲ ಓರ್ವಿಲ್. ನೀರೆಂದರೆ ನೀರು, ಯಾರದಾದರೇನು? ಹೊಲ ಒದ್ದೆಯಾಗಿ ಕಂಡರೆ ಸಾಕು. ನೇರವಾಗಿ ಹೆಟ್ಟಿಯ ಬಳಿಗೆ ಹೋದ. ಅವಳ ಕಾಲುವೆಗೆ ಬೆಟ್ಟದ ಊಟೆಯ ನೀರು ಬರುತ್ತಿತ್ತು.

“ಅರ್ಧ ಗಂಟೆ ನಿಮ್ಮ ಕಾಲುವೆ ನನ್ನ ಕಡೆ ತಿರುಗಿಸಿ.”

“ನನ್ನ ನೀರು ನಿನ್ನ ನೆಲಕ್ಕೆ ಬಿದ್ರೆ ನನ್ನ ಹಕ್ಕಿಗೂ ಕುತ್ತು ಕಣೋ, ಗೊತ್ತಿಲ್ವಾ? ಕುಡಿಯೋಕೆ ಅಂತ ವಾರಕ್ಕೆರಡು ಪೀಪಾಯಿ ಕೊಡ್ತೀನಲ್ಲ, ಅದೇ ಹೆಚ್ಚು. ಆಗಲ್ಲ ಹೋಗು.”

ಸ್ಪೇನ್ ಕಡೆಯ ಬಾಸ್ಕ್ ಜನಾಂಗದ ಕುರಿಗಾರ ಎಚೆಟೊನ ಬಳಿ ಕುರಿಗಳಿಗೆ ನೀರು ಹೊರುವ ಟ್ಯಾಂಕರು ಇತ್ತು. ಅವನಂತೂ ಮಾತು ಮುಗಿಯುವ ಮೊದಲೇ ತಲೆಯಾಡಿಸಿದ. “ನನ್ನ ಕುರಿ ಬಾಯಾರಿ ಸತ್ರೆ ನಿನ್ನ ಬಡಾಯಿ ಕುಡಿಸ್ಲಾ?”

ಊರಿನ ಬೆಂಕಿ ದಳದ ಮುಖ್ಯಸ್ಥ ಕ್ಲೈಡ್ ಮಾತ್ರ ಕುರ್ಚಿಯಿಂದ ಚಂಗನೆ ಎದ್ದ. ಹೊಸ ಫೈರ್ ಇಂಜಿನ್ ಬಂದು ಎರಡು ವರ್ಷವಾಗಿತ್ತು. ಕಣಿವೆಯಲ್ಲಿ ಸುಡಲು ಏನೂ ಇಲ್ಲದೆ ಅದು ಹಾಗೇ ನಿಂತಿತ್ತು. “ಗಂಟೆ ಹೊಡ್ಕೊಂಡು ಬರ್ಲಾ?” ಎಂದು ಕಣ್ಣರಳಿಸಿದ.

“ಗಂಟೆ ಗಿಂಟೆ ಬೇಡ ಮಾರಾಯ. ಎರಡು ಗಂಟೆಗೆ ಸದ್ದಿಲ್ಲದೆ ಬಾ.”

ಎರಡಕ್ಕೆ ಕ್ಲೈಡ್ ಗಂಟೆ ಹೊಡೆದುಕೊಂಡೇ ಬಂದ. ಹೊಲಕ್ಕೆ ನೀರು ಬಿಟ್ಟ. ಅಲ್ಲಿನ ಜೇಡಿ ನೆಲವೋ ಪಿಂಗಾಣಿ ತಟ್ಟೆ ಇದ್ದ ಹಾಗೆ. ಬಿದ್ದ ನೀರು ಇಂಗದೆ ಹರಡಿಕೊಂಡಿತು. ಓರ್ವಿಲ್ ಸಂತೋಷದಿಂದ ಟೋಪಿ ಎಸೆದ. ಟೋಪಿ ತೇಲಿತು.

ಆಗ ದಿಬ್ಬದ ಮೇಲೆ ಎಚೆಟೊನ ಟ್ಯಾಂಕರು ಕಾಣಿಸಿತು. “ಮನಸ್ಸು ತಡೀಲಿಲ್ಲ ಓರ್ವಿಲ್. ನೀನು ಊರು ಬಿಟ್ರೆ ಚಳಿಗಾಲದಲ್ಲಿ ನನ್ನ ಕುರಿ ಎಲ್ಲಿ ಮೇಯಬೇಕು?” ಎನ್ನುತ್ತ ಅವನು ನಲ್ಲಿ ಬಿಚ್ಚಿದ.

“ಸಾಕು! ಸಾಕಾಗಿದೆ!” ಎಂದು ಓರ್ವಿಲ್ ಕೂಗಿಕೊಳ್ಳುವಷ್ಟರಲ್ಲಿ, ಪೂರ್ವದ ಬದುವಿನ ಕಡೆಯಿಂದ ಜುಳುಜುಳು ಸದ್ದು. ಗುದ್ದಲಿ ಹಿಡಿದು ನಿಂತ ಹೆಟ್ಟಿ ಕೈ ಬೀಸಿದಳು. “ನೀನೂ ಹೋದ್ರೆ ಊರಲ್ಲಿ ಆಡಿಕೊಳ್ಳೋಕೆ ಯಾರಿದಾರೋ? ಇಡೀ ಕಾಲುವೆ ಬಿಟ್ಟಿದೀನಿ, ತಗೋ!”

ಮೂರು ಗಂಟೆಗೆ ಐದು ನಿಮಿಷ ಇರುವಾಗ ಅಲ್ಲಿ ಪೆಸಿಫಿಕ್ ಸಾಗರದ ತಂಗಿಯಂಥದೊಂದು ಸರೋವರ ನಿಂತಿತ್ತು. ನಾಲ್ಕು ನೂರು ಮೈಲಿ ದೂರದ ಬಾತುಕೋಳಿಗಳು ವಾಸನೆ ಹಿಡಿದು ಬಂದಿಳಿದವು. ಅಲೆಗಳು ಏಳತೊಡಗಿದವು. ಅಧಿಕಾರಿ ಮರ್ಚಿಸನ್‌ನ ಸರ್ಕಾರಿ ಕಾರು ಬಂದು ದಡದಲ್ಲಿ ಚಕ್ರದವರೆಗೆ ಹೂತುಕೊಂಡಿತು.

ಕಡ್ಡಿಯಂಥ ಮನುಷ್ಯ ಮರ್ಚಿಸನ್. ಪ್ಯಾಂಟು ಮಡಚಿಕೊಂಡು ನೀರಿಗಿಳಿದ, ಅಳತೆಪಟ್ಟಿ ನೆಟ್ಟ, ಲೆಕ್ಕ ಹಾಕಿದ.

“ಹೇಗಿದೆ ಸರ್ ನಮ್ಮ ನೀರು?” ಎಂದು ಓರ್ವಿಲ್ ಹಲ್ಲು ಕಿರಿದ.

“ಇಷ್ಟು ನೀರು ಒಂದೇ ದಿನಕ್ಕಾ?” ಮರ್ಚಿಸನ್ ಕನ್ನಡಕ ಏರಿಸಿಕೊಂಡ. “ಈ ಕಣಿವೆಯ ಬಾವಿಗಳೆಲ್ಲ ಮೂರು ವರ್ಷದಿಂದ ಇಳೀತಾ ಇವೆ. ಕಳ್ಳ ಯಾರು ಅಂತ ಹುಡುಕ್ತಾನೇ ಇದ್ವಿ. ಮಿಸ್ಟರ್ ಟಿಪ್ಪೆಟ್, ಬಾವಿಗೆ ಇವತ್ತೇ ಮೊಹರು. ಹಕ್ಕು ರದ್ದು. ನಾಳೆ ಕೋರ್ಟು.”

ಓರ್ವಿಲ್‌ನ ಮುಖ ಸುಣ್ಣದ ಗೋಡೆಯಾಯಿತು. “ಇದು ನನ್ನ ಬಾವಿ ನೀರಲ್ಲ ಸರ್! ಇವರ್ದು! ಇವರನ್ನೇ ಕೇಳಿ!”

ಮೂವರೂ ಒಟ್ಟಿಗೆ ಆಕಾಶ ನೋಡಿದರು.

“ನೀವು ಇಲ್ಲಿಗ್ಯಾಕೆ ಬಂದ್ರಿ?” ಎಂದು ಅಧಿಕಾರಿ ಕ್ಲೈಡ್‌ನನ್ನು ಕೇಳಿದ.

“ಬೆಂಕಿ ಆರಿಸೋಕೆ ಸರ್.”

“ಎಲ್ಲಿದೆ ಬೆಂಕಿ?”

“ಆರಿಸಿದೆ.”

“ನಾನು ಟ್ಯಾಂಕರು ತುಂಬಿಸ್ಕೊಳ್ಳೋಕೆ ಬಂದೆ,” ಎಂದ ಎಚೆಟೊ. “ಓರ್ವಿಲ್ ಬಾವಿ ಅಂದ್ರೆ ಬಾವಿ ಸರ್. ಕುರಿಗಳಿಗೂ ಬೇರೆ ನೀರು ಸೇರಲ್ಲ.”

“ನಾನು ಕಾಗದ ಕೊಡೋಕೆ,” ಎಂದು ಹೆಟ್ಟಿ ಗುದ್ದಲಿಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

ಓರ್ವಿಲ್ ಅಧಿಕಾರಿಯ ರೆಟ್ಟೆ ಹಿಡಿದು ಮನೆಯ ಹಿಂದಿನ ಬಾವಿಗೆ ಎಳೆದುಕೊಂಡು ಹೋದ. ಗೂಬೆಯನ್ನು ತೋರಿಸಿದ, ಮುರಿದ ಹ್ಯಾಂಡಲ್ ತೋರಿಸಿದ. ಮರ್ಚಿಸನ್ ನಂಬದೆ, ಪೈಪಿನ ಪಕ್ಕದ ಸಂದಿಯಿಂದ ಒಂದು ಕಲ್ಲು ಹಾಕಿ ಕಿವಿಗೊಟ್ಟ. ಟಕ್. ಟಕ್. ಬಹಳ ಹೊತ್ತಿನ ಮೇಲೆ, ಖಾಲಿ ಡಬ್ಬಿಗೆ ಬಿದ್ದಂತೆ ಟಣ್.

“ಇದು ಬತ್ತಿ ಎಷ್ಟು ವರ್ಷ ಆಯ್ತು?”

ಓರ್ವಿಲ್ ಸುತ್ತ ನೋಡಿದ. ಯಾರೂ ಇರಲಿಲ್ಲ. ದನಿ ತಗ್ಗಿಸಿದ. “ಬತ್ತಿಲ್ಲ ಸರ್. ಮೊದಲಿಂದಲೂ ನೀರು ಬಿದ್ದೇ ಇಲ್ಲ.”

“ಏನ್ರೀ ಹೇಳ್ತೀರಿ! ನಮ್ಮ ಇಲಾಖೆಯವರು ಬಂದು ಕಣ್ಣಾರೆ ನೋಡಿ ಹಕ್ಕುಪತ್ರ ಕೊಟ್ಟಿದಾರೆ.”

“ಅವತ್ತೂ ಫೈರ್ ಇಂಜಿನ್ನೇ ಸರ್. ಹಳೇದು, ಕ್ಲೈಡ್ ಬರೋಕೆ ಮುಂಚಿನದು.”

“ಯಾವನ್ರೀ ಅವನು, ನೋಡಿ ಸಹಿ ಹಾಕಿದ ಮುಠ್ಠಾಳ!” ಎಂದು ಮರ್ಚಿಸನ್ ಕಡತ ಬಿಚ್ಚಿ ಪರಪರನೆ ಹಾಳೆ ತಿರುವಿದ. ಒಂದು ಹಾಳೆಯ ಮೇಲೆ ಅವನ ಬೆರಳು ನಿಂತಿತು. ಕಿವಿಗಳು ಮೊದಲು ಕೆಂಪಾದವು, ಆಮೇಲೆ ನೇರಳೆಯಾದವು.

“ಆಗ ನೀವು ಮೀಸೆ ಬಿಟ್ಟಿದ್ರಿ ಸರ್,” ಎಂದ ಓರ್ವಿಲ್ ಮೆಲ್ಲಗೆ.

ಗೂಬೆ ಒಮ್ಮೆ ಅವನನ್ನು, ಒಮ್ಮೆ ಇವನನ್ನು ನೋಡಿತು. ಮರ್ಚಿಸನ್ ಪೆನ್ನು ತೆಗೆದು ಬರೆದ. ಮುದ್ರೆ ಒತ್ತಿದ. ಮನೆಯ ಮುಂದಕ್ಕೆ ಬಂದು, ಕಾಫಿ ಹಿಡಿದು ನಿಂತಿದ್ದ ಆರ್ಡಿತ್‌ಗೂ ದಡದಲ್ಲಿದ್ದ ಮೂವರಿಗೂ ಕೇಳುವಂತೆ ಓದಿದ: “ಬಾವಿ ಸುಸ್ಥಿತಿಯಲ್ಲಿದೆ. ನೀರು ಧಾರಾಳವಾಗಿದೆ. ಬಳಕೆಯಲ್ಲಿದೆ. ಹಕ್ಕು ಊರ್ಜಿತ.”

“ಮತ್ತೆ ಹೊಲದಲ್ಲಿ ನಿಂತಿರೋ ನೀರು?” ಎಂದು ಹೆಟ್ಟಿ ತಡೆಯಲಾರದೆ ಕೇಳಿದಳು.

“ಮಳೆ.”

“ಎಲ್ಲಿ ಬಂತು ಮಳೆ?”

“ಬಂತು. ಹೋಯ್ತು.” ಫೈರ್ ಇಂಜಿನ್‌ಗೆ ಹಗ್ಗ ಕಟ್ಟಿ ಕಾರು ಎಳೆಸಿಕೊಂಡು, ಹಿಂದಿರುಗಿ ನೋಡದೆ ಮರ್ಚಿಸನ್ ಹೊರಟುಹೋದ.

ಓರ್ವಿಲ್ ಎದೆ ಸೆಟೆಸಿಕೊಂಡು ಬಾರಿಗೆ ಹೋದ. ಬೆಟ್ಟವನ್ನೇ ಗಾಳಿಗೆ ಬಿಟ್ಟವನ ಮೊಮ್ಮಗ ಸರ್ಕಾರವನ್ನೂ ಗೆದ್ದಿದ್ದ. ಸಂಜೆ ಸಿಳ್ಳೆ ಹಾಕುತ್ತ ಮನೆಗೆ ಬಂದಾಗ, ಅಂಗಳದಲ್ಲಿ ಎರಡೂ ಪೀಪಾಯಿಗಳು ಬೋರಲು ಬಿದ್ದಿದ್ದವು.

“ಇದೇನು ಆರ್ಡಿತ್?”

ಆರ್ಡಿತ್‌ಳ ಮುಖ ಅರಳಿತ್ತು. ತೋಳು ಮಡಚಿ, ಮಂಡಿಯವರೆಗೆ ಕೆಸರು ಮಾಡಿಕೊಂಡಿದ್ದಳು. “ಅಡುಗೆಮನೆ ಕಿಟಕಿ ಕೆಳಗೆ ಮೇವಿಗೆ ಅಂತ ಕುದುರೆ ಮೆಂತೆ ಬಿತ್ತಿದೀನಿ. ಪೀಪಾಯಿ ನೀರನ್ನೆಲ್ಲ ಅದಕ್ಕೇ ಸುರಿದೆ. ಇನ್ನು ಮೇಲೆ ನಿಮ್ಮ ನೀರು ಬೇಡ ಅಂತ ಹೆಟ್ಟಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿಬಂದೆ. ಐದು ವರ್ಷ ಪೀಪಾಯಿ ಪೀಪಾಯಿ ಅಂತ ಹಂಗಿಸಿದ್ಲಲ್ಲ! ಅವಳೂ ಸರ್ಕಾರದವರು ಓದಿದ್ದನ್ನ ಕಿವಿಯಾರೆ ಕೇಳಿದಾಳೆ, ಕೈ ಮುಗಿದ್ಲು. ಕ್ಲೈಡೂ ಎಚೆಟೊನೂ ನಾಳೆ ಬೆಳಗ್ಗೆ ನಮ್ಮ ಬಾವಿಯಿಂದ ಟ್ಯಾಂಕ್ ತುಂಬಿಸ್ಕೊಳ್ಳೋಕೆ ಬರ್ತಾರಂತೆ. ಪಾಪ, ಇಬ್ಬರದೂ ಖಾಲಿಯಂತೆ. ಬನ್ನಿ, ನಮ್ಮಲ್ಲೇನು ಬರ ಅಂದೆ.”

ಒಂದು ಬಕೆಟನ್ನು ಅವನ ಕೈಗೆ ತುರುಕಿದಳು. “ಹೋಗು, ನಮ್ಮ ನೀರು ತಗೊಂಡ್ಬಾ. ಮೊದಲನೇ ಕಾಫಿ ಅದರಲ್ಲೇ ಆಗ್ಬೇಕು.”

ಓರ್ವಿಲ್ ಬಕೆಟ್ ನೋಡಿದ. ಬಾವಿಯ ಕಡೆ ನೋಡಿದ. ಪಂಪು ಕೆಟ್ಟಿದೆ ಅನ್ನೋಣವೆಂದರೆ ಬಳಕೆಯಲ್ಲಿದೆಯೆಂದು ಸರ್ಕಾರವೇ ಮುದ್ರೆ ಒತ್ತಿತ್ತು. ಬಕೆಟನ್ನು ಕೆಳಗಿಟ್ಟ. ಬಾಯಿಂದ ಬಂದ ಮಾತು ಅವನಿಗೇ ಹೊಸದಾಗಿ ಕೇಳಿಸಿತು.

“ಆರ್ಡಿತ್, ಸ್ವಲ್ಪ ಕೂತ್ಕೋ. ಆ ಬಾವಿಯಲ್ಲಿ ಒಂದು ತೊಟ್ಟು ನೀರೂ ಇಲ್ಲ. ಯಾವತ್ತೂ ಇರಲಿಲ್ಲ.”