ಮೀಸೆಯಿಲ್ಲದ ಖಳನಾಯಕ

ಒಂದು ನಾಟಕ ಬರೆಯುವುದು ಏನು ಮಹಾ ಎಂದು ನಾನು ಅಂದುಕೊಂಡಿದ್ದೆ. ನಾಯಕ ಒಬ್ಬ, ನಾಯಕಿ ಒಬ್ಬಳು, ಖಳನಾಯಕ ಒಬ್ಬ. ಮೂರು ಕಲ್ಲು ಹೂಡಿದರೆ ಒಲೆ. ಮೇಲೆ ಗಡಿಗೆ ಇಟ್ಟು ಉರಿ ಹಚ್ಚಿದರೆ ಅದು ತಾನೇ ಕುದಿಯುತ್ತದೆ. ಇದಕ್ಕೆ ಜನ ಯಾಕೆ ಇಷ್ಟು ಒದ್ದಾಡುತ್ತಾರೆ ಎಂಬುದೇ ನನಗೆ ತಿಳಿದಿರಲಿಲ್ಲ.

ಆಗ ನಾನು ಮಿರಜ ಮತ್ತು ಸಾಂಗಲಿಯ ನಡುವಿನ ಒಂದು ಸಹಕಾರಿ ಸೂತಗಿರಣಿಯಲ್ಲಿ, ಎಂದರೆ ನೂಲಿನ ಗಿರಣಿಯಲ್ಲಿ, ಟೈಮ್‌ಕೀಪರ್ ಆಗಿದ್ದೆ. ಅದು ಸಹಕಾರದ ಕಾಲ. ಹಾಲು ಸಹಕಾರಿ, ಸಕ್ಕರೆ ಸಹಕಾರಿ, ನೂಲು ಸಹಕಾರಿ, ಬ್ಯಾಂಕು ಸಹಕಾರಿ. ಎಲ್ಲರೂ ಎಲ್ಲರೊಡನೆ ಸಹಕರಿಸುತ್ತಿದ್ದರು, ನನ್ನ ನೌಕರಿಯನ್ನೊಂದು ಬಿಟ್ಟು. ಒಂಬತ್ತು ವರ್ಷದಿಂದ ನಾನು ಹಂಗಾಮಿ. ಮ್ಹೈಸಾಳದಲ್ಲಿರುವ ನನ್ನ ಮಾವ ಪ್ರತಿ ಹಬ್ಬಕ್ಕೂ ಹೋಳಿಗೆ ಬಡಿಸುತ್ತ, "ಏನಪಾ ಭೂಪಾಲ, ಕಾಯಂ ಆದ್ಯೋ ಇಲ್ಲೋ?" ಎಂದು ಕೇಳುತ್ತಿದ್ದರು. ಕೇಳುವ ರೀತಿಗೆ ನನ್ನ ಅಳಿಯತನವೂ ಹಂಗಾಮಿ ಇರಬಹುದೆಂಬ ಅನುಮಾನ ಬರುತ್ತಿತ್ತು.

ಆ ವರ್ಷ ಗಿರಣಿಯ ಸ್ಥಾಪನಾ ದಿನಕ್ಕೆ ಕನ್ನಡ ನಾಟಕ ಆಗಬೇಕೆಂದು ತೀರ್ಮಾನವಾಯಿತು. ನೂಲುವವರಲ್ಲಿ ಅರ್ಧಕ್ಕರ್ಧ ಜನ ಅಥಣಿ, ಜಮಖಂಡಿ ಕಡೆಯವರು. ಮರಾಠಿ ನಾಟಕ ನಡೆದಾಗ ಅವರು ಮರ್ಯಾದೆಗೆ ಕುಳಿತು ನಿದ್ದೆ ಮಾಡುತ್ತಿದ್ದರು. ಗಿರಣಿಯ ಸೆಕ್ರೆಟರಿಯನ್ನು ನಾವು ಕಾಕಾ ಎನ್ನುತ್ತಿದ್ದೆವು. ಅವರು ನನ್ನನ್ನು ಕರೆದು ಕೂರಿಸಿದರು.

"ನಾಟಕ ನೀನ ಬರಿ. ಚಲೋ ಆತಂದ್ರ ಚೇರ್ಮನ್‌ರು ಖುಷಿ ಆಗ್ತಾರ. ಮುಂದಿನ ಮೀಟಿಂಗನ್ಯಾಗ ನಿನ್ನ ಕಾಯಂ ಆಗೂ ಅರ್ಜಿ ಮ್ಯಾಲ ಇಡತೀನಿ."

ನಾನು ಕುರ್ಚಿಯಿಂದ ಎದ್ದಾಗಲೇ ಅರ್ಧ ಕಾಯಂ ಆಗಿದ್ದೆ.

ಮನೆಗೆ ಬಂದು ಹೆಂಡತಿ ಸುಮತಿಗೆ ಹೇಳಿದೆ. "ಸಾಂಗಲಿ ಅಂದ್ರ ನಾಟಕದ ಪಂಢರಪುರ. ಇಲ್ಲಿ ಹುಟ್ಟಿದವರ ರಕ್ತದಾಗ ಬಣ್ಣ ಇರತೈತಿ. ತಿಳೀತಿಲ್ಲೋ?"

"ನೀವು ಹುಟ್ಟಿದ್ದು ಸಮಡೋಳಿ ಹಳ್ಳ್ಯಾಗ ಅಲ್ಲೇನ್ರೀ," ಎಂದಳು ಅವಳು, ಅಕ್ಕಿ ಆರಿಸುತ್ತ.

ಕಥೆ ಸರಳ. ಊರಿಗೆ ಹೊಳೆಯ ನೀರು ತರಲು ನಾಯಕ ಹೊರಡುತ್ತಾನೆ, ಖಳ ತಡೆಯುತ್ತಾನೆ. ನಾಯಕಿಯ ಪಾತ್ರಕ್ಕೆ ಯಾವ ಹೆಣ್ಣುಮಗಳೂ ಒಪ್ಪದೆ ಇದ್ದುದರಿಂದ ಅವಳನ್ನು ನಾಟಕ ಮುಗಿಯುವವರೆಗೆ ತವರಿಗೆ ಕಳಿಸಿದೆ. ಒಲೆಯ ಒಂದು ಕಲ್ಲು ಹೋಯಿತು, ಚಿಂತೆ ಇಲ್ಲ. ಖಳನನ್ನು ಅರಿಶಿನದ ದಲಾಲನನ್ನಾಗಿ ಮಾಡಿದೆ. ದಪ್ಪ ಮೀಸೆ, ಕಪ್ಪು ಕನ್ನಡಕ, ಗಹಗಹಿಸುವ ನಗೆ.

ಕಾಕಾ ಹಸ್ತಪ್ರತಿ ಓದಿ ಬೆವರಿದರು. "ನಮ್ಮ ಡೈರೆಕ್ಟರದಾಗ ಮೂರು ಮಂದಿ ಅರಿಷಿಣದ ದಲಾಲರ ಅದಾರ. ನಿನ್ನ ತಲಿ ನೆಟ್ಟಗೈತೇನು?"

ದಲಾಲನನ್ನು ತೆಗೆದು ಪೊಲೀಸ್ ಪಾಟೀಲನನ್ನು ಇಟ್ಟೆ. ಊರಿನ ನಿಜವಾದ ಪಾಟೀಲ ಚೇರ್ಮನ್ನರ ಷಡ್ಡಕನೆಂದು ಗೊತ್ತಾಯಿತು. ಪಾಟೀಲನನ್ನು ತೆಗೆದು ಡಾಕ್ಟರನನ್ನು ಇಟ್ಟೆ. ಇದಕ್ಕೆ ಸುಮತಿಯೇ ಅಡ್ಡ ಬಂದಳು. ಆಸ್ಪತ್ರೆಗಳ ಊರಾದ ಮಿರಜಿನಲ್ಲಿ ಇದ್ದುಕೊಂಡು ಡಾಕ್ಟರರನ್ನು ಎದುರು ಹಾಕಿಕೊಂಡರೆ ನಾಳೆ ಜ್ವರ ಬಂದಾಗ ಎಲ್ಲಿಗೆ ಹೋಗುವುದು ಎಂದು ಕೇಳಿದಳು. ಡಾಕ್ಟರನೂ ಹೋದ. ಮೀಸೆಯ ಸರದಿ ಬಂತು. ಚೇರ್ಮನ್ನರಿಗೆ ಮೀಸೆ ಇತ್ತು, ಆದ್ದರಿಂದ ಖಳನ ಮೀಸೆ ಬೋಳಿಸಿದೆ. ಕಾಕಾ ಸ್ವತಃ ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕ ಹಾಕಿದ್ದರು, ಆದ್ದರಿಂದ ಕನ್ನಡಕ ಕಳಚಿದೆ. ಟೋಪಿಯ ಮಾತನ್ನು ಎತ್ತಲೇ ಇಲ್ಲ. ಆ ಕಾಲದಲ್ಲಿ ಮುಖಂಡರ ಬಿಳಿ ಟೋಪಿಯನ್ನು ಖಳನ ತಲೆಗೆ ಇಟ್ಟವನ ತಲೆ ಉಳಿಯುತ್ತಿರಲಿಲ್ಲ.

ಹೀಗೆ ಒಂದೊಂದೇ ಕಳಚಿ ನೋಡಿದಾಗ ನನ್ನ ಖಳನಾಯಕ ಹೆಣ್ಣು ನೋಡಲು ಬಂದ ವರನ ಹಾಗೆ ಕಾಣುತ್ತಿದ್ದ. ಉದ್ಯೋಗವಿಲ್ಲ, ಮೀಸೆಯಿಲ್ಲ, ಜಾತಿಯಿಲ್ಲ, ಊರಿಲ್ಲ, ಚಟವೂ ಇಲ್ಲ. ಇಷ್ಟು ಸಭ್ಯ ಮನುಷ್ಯ ನಮ್ಮ ತಾಲೂಕಿನಲ್ಲೇ ಇರಲಿಲ್ಲ.

"ಹಂಗಾರ ಅಂವ ಮಾಡೂದರ ಏನ್ರಿ?" ಸುಮತಿ ಕೇಳಿದಳು.

ಒಳ್ಳೆಯ ಪ್ರಶ್ನೆ. ಮೂರು ದಿನ ಯೋಚಿಸಿದೆ. ಮನುಷ್ಯನನ್ನು ಖಳನನ್ನಾಗಿ ಮಾಡುವುದು ಏನು? ಮೀಸೆಯಲ್ಲ, ಯಾಕೆಂದರೆ ನನ್ನ ಅಜ್ಜನಿಗೂ ಇತ್ತು. ನಗೆಯಲ್ಲ, ಯಾಕೆಂದರೆ ನಕ್ಕು ಯಾರಿಗೂ ಗಾಯವಾಗಿಲ್ಲ. ನಾಲ್ಕನೆಯ ದಿನ, ಹಾಜರಿ ಪುಸ್ತಕದಲ್ಲಿ ಗೆರೆ ಎಳೆಯುತ್ತಿದ್ದಾಗ ಉತ್ತರ ಹೊಳೆಯಿತು.

"ನನ್ನ ಖಳನಾಯಕ ಏನೂ ಮಾಡೂದಿಲ್ಲ," ಎಂದೆ ಮನೆಗೆ ಬಂದು. "ಬರೇ ಹೇಳ್ತಾನ. ಯಾರ ಮಾತೂ ಕೇಳೂದಿಲ್ಲ. ಪ್ರತಿ ಮಾತಿನ ಕಡೀಕ ತಿಳೀತಿಲ್ಲೋ ಅಂತ ಕೇಳ್ತಾನ, ಉತ್ತರಕ್ಕ ಮಾತ್ರ ನಿಂದ್ರೂದಿಲ್ಲ. ಇದರಕಿಂತ ದೊಡ್ಡ ದುಷ್ಟತನ ಇಲ್ಲ. ತಿಳೀತಿಲ್ಲೋ?"

ಸುಮತಿ ಅಕ್ಕಿಯ ಮೊರದಿಂದ ತಲೆ ಎತ್ತಿ ನನ್ನನ್ನು ನೋಡಿದಳು. "ಇದನ್ನ ಎಲ್ಲಿಂದ ತಂದ್ರಿ?"

"ತಲಿಯಿಂದ," ಎಂದೆ ಹೆಮ್ಮೆಯಿಂದ.

ಆಮೇಲೆ ಕಾಕಾ ಇನ್ನೊಂದು ಅಪ್ಪಣೆ ತಂದರು. ವೇದಿಕೆಯ ಮುಂದೆ ಕೂರುವವರೆಲ್ಲ ಮರಾಠಿಯವರು, ಚೇರ್ಮನ್ ಆಬಾಸಾಹೇಬರಿಗಂತೂ ಕನ್ನಡದ ಗಂಧವಿಲ್ಲ. ಅವರಿಗೂ ತಿಳಿಯುವ ಹಾಗೆ ಅಲ್ಲೊಂದು ಇಲ್ಲೊಂದು ಮರಾಠಿ ಮಾತು ಇರಲಿ. ನಾನು ಸೋಮಾರಿ. ಇಡೀ ನಾಟಕದಲ್ಲಿ ಹೆಚ್ಚು ಸಲ ಬರುವ ಮಾತನ್ನೇ ಮರಾಠಿಗೆ ತಿರುಗಿಸಿದರೆ ಕೆಲಸ ಮುಗಿಯಿತಲ್ಲ ಎಂದು ಖಳನ "ತಿಳೀತಿಲ್ಲೋ" ತೆಗೆದು ಮರಾಠಿಯಲ್ಲಿ ಬರೆದೆ. ಮರಾಠಿಯಲ್ಲಿ ತಿಳಿಯಿತೇ ಎನ್ನುವುದನ್ನು ಬರೆಯುವುದು "ಕಳಲಂ ಕಾ" ಎಂದು. ಬಾಯಲ್ಲಿ ಬರುವಾಗ ಅದು ಸವೆದು "ಕಳ್ಳ ಕಾ?" ಆಗುತ್ತದೆ. ಎರಡು ಭಾಷೆಯಲ್ಲಿ ಬದುಕುವವನು ಎರಡೂ ಕಿವಿ ತೆರೆದಿಡಬೇಕು. ನಮ್ಮ ಗಿರಣಿಯಲ್ಲಿ ಯಂತ್ರದ ಸದ್ದಿಗೆ ಎಲ್ಲರೂ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದೆವು. ನನ್ನ ಕನ್ನಡದ ಕಿವಿಯ ಹತ್ತಿಯನ್ನು ತೆಗೆಯಲು ಆ ದಿನ ಮರೆತಿದ್ದೆ.

ನಾಯಕನ ಪಾತ್ರಕ್ಕೆ ರಾಯಗೊಂಡ ಸಿಕ್ಕ. ಗೋದಾಮಿನ ಕಾರಕೂನ, ನಮ್ಮ ಸಮಡೋಳಿಯವನೇ, ಪೈಲವಾನ. ಮೈ ಇದ್ದಷ್ಟು ನೆನಪಿರಲಿಲ್ಲ. ಖಳನಾಗಲು ಯಾರೂ ಒಪ್ಪಲಿಲ್ಲ, ಒಬ್ಬನಂತೂ ತನಗಿನ್ನೂ ಮದುವೆಯಾಗಬೇಕೆಂದು ಕೈ ಮುಗಿದ. ಕೊನೆಗೆ ಮದುವೆಯಾಗಿ ಕಳೆದುಕೊಳ್ಳುವುದು ಏನೂ ಉಳಿಯದ ನಾನೇ ಖಳನಾದೆ. ತಾಲೀಮಿನಲ್ಲಿ ರಾಯಗೊಂಡ ತನ್ನ ಉಪಾಯ ಹೇಳಿದ.

"ನೀವು ಕಳ್ಳ ಕಾ ಅಂದ್ಕೂಡ್ಲೆ ನಾ ಮುಂದಿನ ಮಾತ ಅಂತೀನ್ರಿ. ಅದೊಂದು ಮೊಳಿ. ನನ್ನ ಪಾರ್ಟ್ ಎಲ್ಲಾ ಅದಕ್ಕ ತೂಗಹಾಕೇನಿ. ಮೊಳಿ ಕಿತ್ತೀರಂದ್ರ ಎಲ್ಲಾ ಬೀಳತದ ನೋಡ್ರಿ."

ಸ್ಥಾಪನಾ ದಿನ ಬಂತು. ಮೊದಲ ಪಾಳಿ ಬಿಟ್ಟ ಮೇಲೆ, ಸಂಜೆ ನಾಲ್ಕಕ್ಕೆ, ಹತ್ತಿಯ ಗೋದಾಮಿನ ಮುಂದೆ ಜನ ತುಂಬಿದರು. ಮುಂದೆ ಕುರ್ಚಿಯಲ್ಲಿ ಟೋಪಿಗಳು, ಹಿಂದೆ ನೆಲದ ಮೇಲೆ ನೂಲುವವರು. ನಾಟಕಕ್ಕೆ ಮೊದಲು ಆಬಾಸಾಹೇಬರ ಭಾಷಣ. ನಾನು ಮುಖಕ್ಕೆ ಬಣ್ಣ ಬಳಿದುಕೊಂಡು ಪರದೆಯ ಹಿಂದೆ ಕುಳಿತಿದ್ದೆ. ಪೌಡರು ಕಿವಿಗೆ ಹೋಗಬಾರದೆಂದು ಇಟ್ಟಿದ್ದ ಹತ್ತಿಯನ್ನು ಆಗ ತಾನೇ ತೆಗೆದೆ.

"ಗಿರಣೀ ತುಮಚೀ ಆಹೇ. ಕಳ್ಳ ಕಾ?" ಎಂದರು ಆಬಾಸಾಹೇಬರು. ಗಿರಣಿ ನಿಮ್ಮದು. "ಬೋನಸ್ ಪುಢಚ್ಯಾ ವರ್ಷೀ. ಕಳ್ಳ ಕಾ?" ಬೋನಸ್ ಮುಂದಿನ ವರ್ಷ.

ಈ ಭಾಷಣವನ್ನು ನಾನು ಒಂಬತ್ತು ವರ್ಷ ಕೇಳಿದ್ದೆ. ಕೇಳಿ ಕೇಳಿ ಅದು ಫ್ಯಾನಿನ ಸದ್ದಿನಂತೆ ಕೇಳಿಸದೇ ಹೋಗಿತ್ತು. ದಲಾಲ ಬೇಡ, ಪಾಟೀಲ ಬೇಡ, ಮೀಸೆ ಬೇಡ ಎಂದು ಎಲ್ಲ ಬೋಳಿಸಿ ಬೋಳಿಸಿ ಕೊನೆಗೆ ನಾನು ಸಾಕ್ಷಾತ್ ಚೇರ್ಮನ್ನರನ್ನೇ ಕಡೆದು ನಿಲ್ಲಿಸಿದ್ದೆ. ಅವರು ಹದಿನೇಳು ಸಲ ಕಳ್ಳ ಕಾ ಎಂದರು. ನಾನು ಬೆರಳು ಮಡಿಚಿ ಎಣಿಸಿದೆ. ನನ್ನ ಕಾಯಂ ನೌಕರಿ ಹದಿನೇಳು ಸಲ ಸತ್ತಿತು.

ಒಂದೇ ದಾರಿ ಇತ್ತು. ಆ ಮಾತನ್ನೇ ಆಡದಿರುವುದು. ಪರದೆ ಎದ್ದಿತು. ನಾನು ಕುರ್ಚಿಯಲ್ಲಿ ಕುಳಿತು, "ನೀರು ಬ್ಯಾಡ. ಯಾಕ ಬ್ಯಾಡ ಅಂದ್ರ ನಾ ಹೇಳೇನಿ, ಅದಕ್ಕ," ಎಂದು ಅಲ್ಲಿಗೇ ನಿಲ್ಲಿಸಿದೆ.

ರಾಯಗೊಂಡ ನಿಂತಿದ್ದ. ಕಂಬವೂ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ.

"ನೀರು ಬ್ಯಾಡ," ಎಂದೆ ಮತ್ತೆ. "ತಿಳೀತೋ?"

ರಾಯಗೊಂಡ ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ಇಡೀ ಗೋದಾಮಿಗೆ ಕೇಳುವಂತೆ ಪಿಸುಗುಟ್ಟಿದ. "ಮೊಳಿ ಬಡೀರಿ."

ಜನ ಗುಜುಗುಜು ಎನ್ನತೊಡಗಿದರು. ನಾನು ಆದಷ್ಟು ಮೆಲ್ಲಗೆ, ತುಟಿಯ ಸಂದಿಯಲ್ಲಿ, ಕಳ್ಳ ಕಾ ಎಂದೆ. "ಏನಂದ್ರೀ?" ಎಂದ ರಾಯಗೊಂಡ. ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ದೇವರ ಮೇಲೆ ಭಾರ ಹಾಕಿ ಒದರಿದೆ.

"ಕಳ್ಳ ಕಾ?"

ಮುಂದಿನ ಸಾಲಿನ ಟೋಪಿಗಳೆಲ್ಲ ಒಟ್ಟಿಗೆ ಆಬಾಸಾಹೇಬರತ್ತ ತಿರುಗಿದವು. ಅದೇ ಹೊತ್ತಿಗೆ ಹಿಂದೆ, ಕಂಡಿಕೆಗೆ ನೂಲು ಸುತ್ತುವ ವಿಭಾಗದ ಬಾಳವ್ವ ಎದ್ದು ನಿಂತಳು. ಅವಳು ಅಥಣಿಯಿಂದ ಬಂದು ಆರು ತಿಂಗಳಾಗಿತ್ತು. ಮರಾಠಿ ಬರುತ್ತಿರಲಿಲ್ಲ.

"ನೋಡ್ರೆವ್ವಾ, ತಾನ ಕೇಳಾಕತ್ತಾನ, ಕಳ್ಳ ಏನ ನಾ ಅಂತ," ಎಂದಳು. ನಂತರ ನನ್ನ ಕಡೆ ಕೈ ಮಾಡಿ, "ಹೌದಪಾ, ಕಳ್ಳ!"

ಜನಕ್ಕೆ ಅದು ಹಿಡಿಸಿಬಿಟ್ಟಿತು. ನಾನು ಒಂದು ಸಲ ಕಳ್ಳ ಕಾ ಎಂದರೆ ಸಾಕು, ಹಿಂದಿನ ಮುನ್ನೂರು ಗಂಟಲು ಒಮ್ಮೆಲೇ "ಹೌದು, ಕಳ್ಳ!" ಎನ್ನುತ್ತಿದ್ದವು. ರಾಯಗೊಂಡನ ಮೊಳೆಗಳು ಒಂದರ ಹಿಂದೆ ಒಂದು ಬೀಳುತ್ತಿದ್ದವು, ಅವನು ಹುರುಪಿನಿಂದ ಮಾತು ತೂಗುಹಾಕುತ್ತಿದ್ದ. ಕೊನೆಯ ದೃಶ್ಯದಲ್ಲಿ ಅವನು ನನ್ನನ್ನು ಕುರ್ಚಿ ಸಮೇತ ಎತ್ತಿ ಪಕ್ಕಕ್ಕೆ ಇಟ್ಟ. ಪೈಲವಾನನಾದ್ದರಿಂದ ಸ್ವಲ್ಪ ದೂರವೇ ಇಟ್ಟ. ಪರದೆ ಬಿತ್ತು.

ನಾನು ಸೊಂಟ ಹಿಡಿದುಕೊಂಡು ಏಳುವಾಗ ಆಬಾಸಾಹೇಬರು ವೇದಿಕೆ ಹತ್ತುವುದು ಕಾಣಿಸಿತು. ಕಣ್ಣಲ್ಲಿ ನೀರು. ಬಂದವರೇ ನನ್ನನ್ನು ತಬ್ಬಿಕೊಂಡರು.

ಅವರು ಮರಾಠಿಯಲ್ಲಿ ಹೇಳಿದ್ದರ ಸಾರಾಂಶ ಇಷ್ಟು. ನಾಟಕದಲ್ಲಿ ಅವರಿಗೆ ಒಂದೇ ಒಂದು ಮಾತು ಅರ್ಥವಾಗಿತ್ತು, ಅದನ್ನು ಆಡುತ್ತಿದ್ದವನು ನಾನು. ಆದ್ದರಿಂದ ನಾಯಕ ನಾನೇ ಇರಬೇಕು. ಎಂಥ ಧೀಮಂತ ನಾಯಕ! ತಾಳ್ಮೆಯಿಂದ ಕುಳಿತು ಪ್ರತಿಯೊಂದನ್ನೂ ಜನರಿಗೆ ತಿಳಿಸಿ ಹೇಳುತ್ತಾನೆ, ತಿಳಿಯಿತೇ ಎಂದು ಕೇಳುತ್ತಾನೆ. ಅವರು ಇಷ್ಟು ವರ್ಷ ಕೇಳಿದರೂ ಒಂದು ಪಿಳ್ಳೆಯೂ ಉತ್ತರ ಕೊಟ್ಟಿರಲಿಲ್ಲ. ಈ ನಾಯಕನಿಗೆ ಮಾತ್ರ ಇಡೀ ಗಿರಣಿ ಒಕ್ಕೊರಲಿನಿಂದ ಹೌದು, ಕಳ್ಳ, ಎಂದರೆ ಮರಾಠಿಯಲ್ಲಿ ಹೌದು, ತಿಳಿಯಿತು, ಎನ್ನುತ್ತದೆ. ಆ ಪೈಲವಾನ ಖಳನಾಯಕ ಮಾತ್ರ ಅತಿ ದುಷ್ಟ. ಅಂಥವರು ಗಿರಣಿಯಲ್ಲಿ ಇರಬಾರದು.

ರಾಯಗೊಂಡ ನನ್ನ ಬೆನ್ನ ಹಿಂದೆ ಅಡಗಲು ನೋಡಿದ. ಅವನ ಅರ್ಧ ಮಾತ್ರ ಅಡಗಿತು.

ಆಬಾಸಾಹೇಬರು ಮೈಕ್ ಹಿಡಿದು ಜನರತ್ತ ತಿರುಗಿದರು. ತಮ್ಮ ಅದೃಷ್ಟವನ್ನೂ ಒಮ್ಮೆ ಪರೀಕ್ಷಿಸುವ ಆಸೆ ಅವರ ಮುಖದಲ್ಲಿ ಕಂಡಿತು.

"ಕಳ್ಳ ಕಾ?"

"ಹೌದು, ಕಳ್ಳ!" ಎಂದರು ಮುನ್ನೂರು ಜನ.

ಮರಾಠಿಯವರಾದರೂ ಕನ್ನಡ ಬಲ್ಲ ಒಂದಿಬ್ಬರು ಡೈರೆಕ್ಟರುಗಳು ಟೋಪಿ ತೆಗೆದು ಮುಖ ಒರೆಸಿಕೊಂಡರು. ಕಾಕಾ ಕಪ್ಪು ಕನ್ನಡಕವನ್ನು ಇನ್ನಷ್ಟು ಒತ್ತಿಕೊಂಡರು. ಆಬಾಸಾಹೇಬರು ಮಾತ್ರ ತೃಪ್ತಿಯಿಂದ ಇನ್ನೂ ಎರಡು ಸಲ ಕೇಳಿದರು, ಎರಡು ಸಲವೂ ಉತ್ತರ ಬಂತು. ಆಮೇಲೆ ನನ್ನ ಭುಜ ತಟ್ಟಿ ಕಾಕಾಗೆ ಹೇಳಿದರು. "ಹೇ ಕಾಯಂ ಕರಾ." ಇದನ್ನು ಕಾಯಂ ಮಾಡಿ.

ನಾನು ಮನೆಗೆ ಅರ್ಧ ಕಿಲೋ ಪೇಢೆ ಒಯ್ದೆ. ಮ್ಹೈಸಾಳಕ್ಕೆ ಮಾವನಿಗೆ ಕಾರ್ಡು ಬರೆದೆ. ನಾಲ್ಕು ಸಾಲಿನಲ್ಲಿ ಕಾಯಂ ಎಂಬ ಶಬ್ದ ಐದು ಸಲ ಬಂತು.

ಹದಿನೈದು ದಿನದ ಮೇಲೆ ಆಡಳಿತ ಮಂಡಳಿಯ ಠರಾವಿನ ಪ್ರತಿ ಕೈಗೆ ಬಂತು. ಕಾಕಾ ಅಪ್ಪಣೆಯನ್ನು ಅಕ್ಷರಶಃ ಪಾಲಿಸಿದ್ದರು. ಸದರಿ ನಾಟಕವನ್ನು ಪ್ರತಿವರ್ಷ ಸ್ಥಾಪನಾ ದಿನದಂದು ಕಾಯಂ ಆಡತಕ್ಕದ್ದು, ಮುಖ್ಯ ಪಾತ್ರವನ್ನು ಹಂಗಾಮಿ ಟೈಮ್‌ಕೀಪರ್ ಭೂಪಾಲ ಇವರೇ ಮಾಡತಕ್ಕದ್ದು ಎಂದಿತ್ತು. ನಾಟಕ ಕಾಯಂ ಆಗಿತ್ತು. ನಾನು ಹಂಗಾಮಿ. ನನಗೆ ನಿಜವಾಗಿಯೂ ಅಳು ಬಂತು.

ಮನೆಗೆ ಬಂದು ಕಾಗದವನ್ನು ಸುಮತಿಯ ಮುಂದೆ ಎಸೆದೆ. ಅವಳು ಓದಿ ಮಡಿಚಿಟ್ಟಳು. ನನಗೆ ತಡೆಯಲಾಗಲಿಲ್ಲ.

"ಮೀಸಿಂದ ಖಳನಾಯಕ ಆಗೂದಿಲ್ಲ," ಎಂದೆ ಅತ್ತಿಂದಿತ್ತ ಓಡಾಡುತ್ತ. "ಖಳನಾಯಕನ ಖರೇ ಗುರುತು ಅಂದ್ರ ತಾ ಹೀರೋ ಅಂತ ತಿಳಕೋಳೂದು. ಆ ಆಬಾಸಾಹೇಬನ ನೋಡು. ಕನ್ನಡಿ ಹಿಡದ ತೋರಿಸಿದ್ರೂ ಗುರುತ ಹತ್ತಲಿಲ್ಲ. ಇನ್ನೊಬ್ರ ಮಾತ ಎಂದೂ ಕೇಳದ ಮನಿಷಾಗ ತನ್ನ ದನಿ ತನಗರೆ ಎಲ್ಲಿ ಕೇಳಸತೈತಿ? ತಿಳೀತಿಲ್ಲೋ?"

ಸುಮತಿ ಮೊರ ಕೆಳಗಿಟ್ಟಳು.

"ತಿಳೀತ್ರಿ," ಎಂದಳು. "ನನಗ ಹದಿನಾಲ್ಕು ವರ್ಷದಿಂದ ತಿಳದೈತಿ."

ನಾನು ಓಡಾಡುವುದನ್ನು ನಿಲ್ಲಿಸಿದೆ. ಬಾಯಿ ತೆರೆದೆ. ಬಾಯಲ್ಲಿ ಸಿದ್ಧವಾಗಿ ಕುಳಿತಿದ್ದ ಮಾತು ಯಾವುದೆಂದು ಗೊತ್ತಾಗಿ ಮುಚ್ಚಿಕೊಂಡೆ.

"ಒಂದ ಚಲೋ ಆತು," ಎಂದಳು ಅವಳು, ಮತ್ತೆ ಮೊರ ಎತ್ತಿಕೊಂಡು. "ಮುಂದಿನ ವರ್ಷದಿಂದ ನೀವು ಬಣ್ಣಾ ಹಚ್ಚಿಕೋಳೂದು ಬ್ಯಾಡ್ರಿ."