ಮಾವನ ನಾಲ್ಕು ಜಾಕಿ, ಅತ್ತೆಯ ಒಂದು ಗೋಟಡಿಕೆ

...ಅಥವಾ ಕೆಟ್ಟದ್ದು ಹಿಂದಿನ ಎಡಗಾಲೋ ಬಲಗಾಲೋ, ಈಗ ಆಣೆ ಇಟ್ಟು ಹೇಳಲಾರೆ. ನೆನಪೂ ಜಾಕಿಯ ಜಾತಿಯದೇ. ಎತ್ತಿ ನಿಲ್ಲಿಸಿ ಆಚೆ ಹೋಗಿ ಬಂದರೆ ಮೆಲ್ಲಗೆ ಕುಸಿದಿರುತ್ತದೆ. ಕಾಲು ಎಂದರೆ ನನ್ನ ಸೋದರಮಾವನದಲ್ಲ, ಅವರ ಗಾಡಿಯದು. ಮಾವನ ಎರಡೂ ಕಾಲು ಗಟ್ಟಿಯಾಗಿದ್ದವು. ಸಡಿಲವಾಗಿದ್ದದ್ದು ಮೇಲುಗಡೆ ಎಂದು ಚನ್ನಗಿರಿಯಲ್ಲಿ ಕೆಲವರು ಹೇಳುತ್ತಿದ್ದರು. ನಾನು ಹೇಳಿಲ್ಲ. ಹೇಳಿದ್ದರೂ ಜೋರಾಗಿ ಹೇಳಿಲ್ಲ!

ಮಾವ ಗುಜರಿಯಿಂದ ಹಳೆಯ ಮಿನಿ ಬಸ್ಸೊಂದನ್ನು ತಂದು, ಸೀಟು ಕಿತ್ತು, ಮಂಚ, ಒಲೆ ಇಟ್ಟು ಅದನ್ನು ಮನೆ ಮಾಡಿದ್ದರು. ಇರಲು ಮನೆ ಇರಲಿಲ್ಲವೇ? ಇತ್ತು. ಅದು ಓಡುವುದಿಲ್ಲ ಎಂಬುದೇ ಮಾವನಿಗೆ ಅದರ ಮೇಲಿದ್ದ ದೂರು. ಬಸ್ಸಿನ ನಾಲ್ಕು ಮೂಲೆಗೆ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ನಾಲ್ಕು ಹೈಡ್ರಾಲಿಕ್ ಜಾಕಿ. ಎಂಥ ಏರುಪೇರಿನ ಜಾಗದಲ್ಲಿ ನಿಲ್ಲಿಸಿದರೂ ಗುಂಡಿ ಒತ್ತಿದರೆ ನಾಲ್ಕು ಉಕ್ಕಿನ ಕಾಲು ಇಳಿದು ಗಾಡಿಯನ್ನು ಮಟ್ಟಸವಾಗಿ ಎತ್ತಿ ಹಿಡಿಯಬೇಕು. ಹಿಡಿಯಬೇಕು, ಅಷ್ಟೆ!

ಮೊದಲ ಪ್ರವಾಸ ಸೂರಗೊಂಡನಕೊಪ್ಪಕ್ಕೆ, ಅತ್ತೆಯ ಜೊತೆ. ಬೆಳಗಾಗುವಷ್ಟರಲ್ಲಿ ಹಿಂದಿನ ಒಂದು ಕಾಲು ಕುಸಿದು, ಮಂಚದ ಮೇಲೆ ಮಲಗಿದ್ದ ಅತ್ತೆ ಒಲೆಯ ಪಕ್ಕ ಎದ್ದರು. “ಅಡುಗೆಮನೆಗೆ ನಡೆಯೋ ಕಷ್ಟ ತಪ್ತಲ್ಲ” ಎಂದು ಮಾವ ಸಮಾಧಾನ ಹೇಳಿದ್ದೇ ತಪ್ಪಾಯಿತು.

“ಇದು ಮಟ್ಟ ನಿಲ್ಲೋ ತನಕ ನಾ ಹತ್ತೋಳಲ್ಲ ರೀ. ನೀವೂ ನಿಮ್ ಜಾಕೀನೂ ಸಂಸಾರ ಮಾಡ್ಕಳ್ರಿ!”

ಅಂದಿನಿಂದ ಮಾವನಿಗೆ ಬೇರೆ ಕೆಲಸವಿಲ್ಲ. ಗಾರೆಯವರ ರಸಮಟ್ಟ ತಂದು, ಗುಳ್ಳೆ ನಟ್ಟನಡುವೆ ನಿಂತಿದೆ ಎಂದು ತೋರಿಸಿದರೂ ಅತ್ತೆ ಒಪ್ಪರು. ಎಲೆಅಡಿಕೆ ಸಂಚಿಯಿಂದ ಗುಂಡನೆಯ ಗೋಟಡಿಕೆ ತೆಗೆದು, ಬಾಗಿಲ ಹೊರಗೇ ನಿಂತು ಗಾಡಿಯ ನೆಲದ ಮೇಲೆ ಇಡುವರು. ಅಡಿಕೆ ತುಸು ಯೋಚಿಸಿ ಹಿಂದಿನ ಮೂಲೆಗೆ ಉರುಳುವುದು.

“ಅಗಾ, ಅಡಿಕೆಗೆ ಗೊತ್ತಾತು. ನಿಮಗೆ ಗೊತ್ತಾಗ್ಲಿಲ್ಲ!”

ಎಣ್ಣೆ ಕಡಿಮೆಯಾಗಿದೆ ಎಂದು ಮಾವ ತೀರ್ಮಾನಿಸಿದರು. ಕಾಲುಗಳು ಕೆಳಗಿರುವಾಗಲೇ ಎಣ್ಣೆಯ ಟ್ಯಾಂಕನ್ನು ಕಂಠಮಟ್ಟ ತುಂಬಿಸಿದರು. ಕಾಲು ಮೇಲೆತ್ತಿದರೆ ಅದರೊಳಗಿನ ಎಣ್ಣೆಯೆಲ್ಲ ಟ್ಯಾಂಕಿಗೇ ವಾಪಸು ಬರುತ್ತದೆ ಎಂಬ ಸಣ್ಣ ಸಂಗತಿ ಮರೆತಿತ್ತು. ಕೆರೆಬಿಳಚಿಯಲ್ಲಿ ಗೆಳೆಯರೊಬ್ಬರ ಅಂಗಳದಲ್ಲಿ ಕಾಲು ಎತ್ತುವ ಗುಂಡಿ ಒತ್ತಿದ್ದೇ ತಡ, ಎಣ್ಣೆ ಉಕ್ಕಿ ಅವರ ಬಿಳಿ ಪಂಚೆಗೆ ಅಭಿಷೇಕ!

“ಇದೇನ್ರೀ, ನಾನು ಮದುವಿಗೆ ಹೊಂಟೀನಿ!” ಎಂದು ಅವರು ಚೀರಿದರೆ, ಮಾವ ಪಂಚೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ, “ನೀರು ಸೇರಿಲ್ಲ ನೋಡ್ರಿ, ಎಣ್ಣೆ ಸ್ವಚ್ಛ ಐತೆ” ಎಂದು ಸಂತೋಷಪಟ್ಟರು.

ಇನ್ನೊಂದು ಸಲ ನ್ಯಾಮತಿಯಲ್ಲಿ. ಕಾಲು ಇಳಿದಿರುವಾಗ ಗಾಡಿ ಹೊರಟರೆ ಎಚ್ಚರಿಸಲು ಒಂದು ಪೀಪಿ ಇತ್ತು. ಕೆಸರು ಮೆತ್ತಿಕೊಂಡು, ಮೇಲಿದ್ದ ಕಾಲನ್ನೂ ಅದು ಕೆಳಗಿದೆ ಎಂದೇ ನಂಬಿ ಬೀದಿಯುದ್ದಕ್ಕೂ ಅರಚಿತು. ಹೆಂಗಸರು ಪಾತ್ರೆ ಹಿಡಿದು ಹೊರಬಂದರು.

“ಯಾವ ಮೀನು ಐತಣ್ಣ?”

“ಮೀನಲ್ಲಮ್ಮ, ಜಾಕಿ.”

“ಅದ್ರಾಗೆ ಮುಳ್ಳು ಜಾಸ್ತಿ ಇರ್ತಾವಾ?”

ಈ ಕೊನೆಯ ಮಾತನ್ನು ಆ ಹೆಂಗಸು ಆಡಿದ್ದೋ, ಹೇಳಿ ಹೇಳಿ ನಾನೇ ಸೇರಿಸಿದ್ದೋ ತಿಳಿಯದು. ಪೀಪಿ ಅರಚಿದ್ದಂತೂ ನಿಜ. ಮಾವ ಬಸ್ಸಿನಡಿ ನುಸುಳಿ ಕೆಸರು ಒರೆಸುವಾಗ ಅವರ ಕಾಲೆರಡೇ ಹೊರಗೆ ಕಾಣುತ್ತಿದ್ದವು. ಗಾಡಿಗೆ ಆರು ಕಾಲು!

ಆಮೇಲೆ ಜಾಕಿಯೊಳಗಿನ ಗಾಳಿ ಬಿಟ್ಟದ್ದಾಯಿತು, ಸೋರುವ ಸೀಲು ಬದಲಿಸಿದ್ದಾಯಿತು. ಕಾಲು ಮಣ್ಣಿನಲ್ಲಿ ಹೂತುಹೋಗದಿರಲಿ ಎಂದು ಅದರ ಕೆಳಗೆ ಅತ್ತೆಯ ರೊಟ್ಟಿ ಮಣೆಯನ್ನೇ ಇಟ್ಟು, ಬೈಸಿಕೊಂಡದ್ದೂ ಆಯಿತು. ಇಷ್ಟೆಲ್ಲದರ ನಡುವೆ ನಾನು ಕಂಡೂ ನಗದಿದ್ದ ಸಂಗತಿ ಒಂದೇ. ಪರೀಕ್ಷೆಗೆಂದು ಒಬ್ಬರೇ ಗಾಡಿಯಲ್ಲಿ ಮಲಗುವಾಗ ಮಾವ ಮಂಚದ ಅರ್ಧ ಭಾಗ ಖಾಲಿ ಬಿಟ್ಟೇ ಮಲಗುತ್ತಿದ್ದರು.

ಕಡೆಗೊಂದು ದಿನ ಅಡಿಕೆ ಇಟ್ಟಲ್ಲೇ ನಿಂತಿತು. ಅತ್ತೆ ಊದಿ ನೋಡಿದರು. ಆಗಲೂ ಬರೀ ಅಲುಗಿತು, ಉರುಳಲಿಲ್ಲ. ಸೆರಗು ಸಿಕ್ಕಿಸಿ ಹತ್ತಿದರು. ಜಗಳೂರಿನಲ್ಲಿ ಅವರ ತಮ್ಮನ ಮೊಮ್ಮಗಳಿಗೆ ಹೆಸರಿಡುವ ಶಾಸ್ತ್ರವಿತ್ತು. ಆ ಮನೆಯ ಮುಂದೆ ಗಾಡಿ ನಿಂತಿತು, ನಾಲ್ಕು ಕಾಲು ಇಳಿದವು. ಅವರಿಬ್ಬರೂ ಗಾಡಿಯಲ್ಲಿ ಮಲಗಿದರು, ನಾನು ಮನೆಯೊಳಗೆ.

ಬೆಳಿಗ್ಗೆ ಟೀ ಹಿಡಿದು ಹೋದರೆ ಗಾಡಿ ಹಿಂದಕ್ಕೆ ವಾಲಿದಂತೆ ಕಂಡಿತು. ಒಳಗೆ ಮಂಚದ ಒಂದೇ ಅಂಚಿಗೆ ಇಬ್ಬರೂ ಜಾರಿ ಒತ್ತಿಕೊಂಡು ಗಡದ್ದಾಗಿ ನಿದ್ದೆಯಲ್ಲಿದ್ದರು. ನಾನು ಕೆಮ್ಮಿದೆ. ಮಾವ ಧಡಕ್ಕನೆ ಎದ್ದು ಗೋಡೆ ಹಿಡಿದರು.

“ಏ, ಅಡಿಕೆ ಇಡು ನೋಡಾನ.”

ಅತ್ತೆ ಸಂಚಿ ಬಿಚ್ಚಿದರು. ಅದೇ ಗೋಟು. ಅದನ್ನು ನೆಲದ ಮೇಲಿಡಲಿಲ್ಲ. ಅಡಕೊತ್ತಿಗೆ ಕೊಟ್ಟು ಕಟಕ್ಕನೆ ಕತ್ತರಿಸಿ, ಎಲೆಯ ಜೊತೆ ಬಾಯಿಗೆ ಹಾಕಿಕೊಂಡರು.

“ಮಟ್ಟ ಐತೆ ಬಿಡ್ರಿ. ಟೀ ಕುಡೀರಿ. ಮುಂದಿನ ಸಲ ಹೊನ್ನಾಳಿಗೆ ಹೋಗಾನ.”

ಗಾಡಿ ವಾಲಿತ್ತೋ, ಬೀದಿಯೇ ಇಳಿಜಾರಿತ್ತೋ, ಲೋಟ ಹಿಡಿದ ನಾನೇ ಓರೆಯಾಗಿ ನಿಂತಿದ್ದೆನೋ? ಹೇಳಬಲ್ಲ ಸಾಕ್ಷಿ ಇದ್ದದ್ದು ಒಂದೇ, ಅದನ್ನು ಅತ್ತೆ ಜಗಿಯುತ್ತಿದ್ದರು. ಆ ಬೆಳಿಗ್ಗೆ ಜಾಕಿ ನಿಂತಿತ್ತೋ ಕುಸಿದಿತ್ತೋ, ನನಗೆ ಇಂದಿಗೂ ಗೊತ್ತಿಲ್ಲ.